ಬೆಳಕು ಬರೆದ ಹೆಸರು, ಕೈ ಬರೆದ ಹಸೆ

ಸಾಗರದಿಂದ ಹೊಸನಗರ ದಾಟಿ ತೀರ್ಥಹಳ್ಳಿ ಕಡೆ ಹೋಗುವಾಗ ರಸ್ತೆಗೆ ತಾಗಿದಂತೆ ಸಿಗುವ ಕಲ್ಯಾಣ ಮಂಟಪ. ಮರುದಿನ ಮದುವೆ. ನಾನು ಒಳಹೊಕ್ಕಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಚಪ್ಪರದ ಅಡಿಕೆ ಮರದ ಕಂಬಕ್ಕೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಕಪ್ಪು ಡಬ್ಬಿಯಂಥ ದೀಪವೊಂದನ್ನು ಬಿಗಿದಿದ್ದರು. ಅದು ಉರಿಯುತ್ತಿತ್ತು, ಆದರೆ ಎದುರಿನ ನೆಲದಲ್ಲಿ ಏನೂ ಕಾಣಲಿಲ್ಲ. ಅಂಗೈ ಅಡ್ಡ ಹಿಡಿದಾಗ ಮಸುಕು ಗೆರೆಗಳು ಬಿದ್ದವು. ಅಕ್ಷರವೋ ಬಳ್ಳಿಯೋ ತಿಳಿಯಲಿಲ್ಲ. ಬಿಸಿಲಿನ ಎದುರು ಈ ದೀಪದ ಆಟ ನಡೆಯುವುದಿಲ್ಲ.

ಬಾಗಿಲ ಬಳಿ ನೆರಳಿತ್ತು. ಅಲ್ಲಿ ಇನ್ನೊಂದು ದೀಪ ಹೊಸ್ತಿಲ ಮುಂದಿನ ಗ್ರಾನೈಟ್ ಮೇಲೆ ಗಂಡು ಹೆಣ್ಣಿನ ಹೆಸರು ಬೀಳಿಸಿತ್ತು, ಸುತ್ತ ಮಾವಿನೆಲೆಯ ತೋರಣ. ಒಳಬರುವವರು ತುಳಿಯಲು ಹಿಂಜರಿದು ಬದಿಗೆ ಸರಿಯುತ್ತಿದ್ದರು. ಅಜ್ಜಿಯೊಬ್ಬರು ಪೂರ್ತಿ ಸುತ್ತಿ ಬಂದರು. ಮನೆ ಮಕ್ಕಳ ಹೆಸರು ಕಾಲಡಿಗೆ ಬರುವುದು ನನಗೂ ಸರಿಕಾಣಲಿಲ್ಲ. ನೆಲಕ್ಕೆ ಬಳ್ಳಿ, ಹೂವು ಸಾಕು; ಹೆಸರು ಗೋಡೆಗಿರಲಿ.

ಒಳಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ದೀಪದ ಹುಡುಗ ಸಾಮಾನು ಹರಡಿಕೊಂಡಿದ್ದ. ದೀಪಕ್ಕೆ ಅವನು ಲೋಗೊ ಲೈಟ್ ಅನ್ನುತ್ತಾನೆ, ಅದರೊಳಗೆ ಕೂರುವ ಬಿಲ್ಲೆಗೆ ಗೋಬೋ. ಎರಡು ಬೆರಳಲ್ಲಿ ಹಿಡಿಯುವಷ್ಟು ಚಿಕ್ಕದು. ದೀಪಕ್ಕೂ ಲೆನ್ಸಿಗೂ ನಡುವೆ ಇದನ್ನು ಸಿಕ್ಕಿಸಿದರೆ ಕೊರೆದ ಜಾಗದಿಂದ ಮಾತ್ರ ಬೆಳಕು ಹೊರಬರುತ್ತದೆ. ಲೆನ್ಸು ಚಿತ್ರವನ್ನು ತಿರುಗಿಸಿ ಎಸೆಯುವುದರಿಂದ ಬಿಲ್ಲೆಯನ್ನು ತಲೆಕೆಳಗಾಗಿಯೇ ಇಡಬೇಕು. ಹಿಂದಿನ ಹ್ಯಾಲೊಜೆನ್ ದೀಪಗಳ ಬಿಸಿಗೆ ಪ್ಲಾಸ್ಟಿಕ್ ಹಾಳೆ ಕರಗಿಹೋಗುತ್ತಿತ್ತು, ಉಕ್ಕಿನ ತಗಡೋ ಬಿಸಿ ತಾಳುವ ಗಾಜೋ ಬೇಕಿತ್ತು. ಎಲ್‌ಇಡಿ ಬಂದ ಮೇಲೆ ಬಿಸಿ ಇಳಿದಿದೆ.

ಅವನು ಒಂದು ತಗಡಿನ ಬಿಲ್ಲೆಯನ್ನೂ ಒಂದು ಗಾಜಿನದನ್ನೂ ಪಕ್ಕಪಕ್ಕದಲ್ಲಿಟ್ಟ. ತಗಡಿನಲ್ಲಿ ಕನ್ನಡ ಬರೆಯುವುದು ಕಷ್ಟ. ನಮ್ಮ ಅಕ್ಷರಗಳು ದುಂಡು. 'ರ'ದ ಸುತ್ತು ಕೊರೆದರೆ ಒಳಗಿನ ತುಂಡು ಕಳಚಿ ಬಿದ್ದುಬಿಡುತ್ತದೆ. ಸೊನ್ನೆ ತುಂಬಿದ ಚುಕ್ಕೆಯಾಗುತ್ತದೆ. ತುಂಡು ನಿಲ್ಲಬೇಕಾದರೆ ನಡುವೆ ಸಣ್ಣ ಸೇತುವೆ ಬಿಡಬೇಕು, ಆಗ ಅಕ್ಷರ ಸೀಳಿದಂತೆ ಕಾಣುತ್ತದೆ. ಗಾಜಿನಲ್ಲಿ ಈ ತೊಂದರೆಯಿಲ್ಲ, ಒತ್ತಕ್ಷರವೂ ಬಣ್ಣವೂ ನಿಲ್ಲುತ್ತವೆ. ಹಲವು ಮನೆಯವರು ಹೆಸರನ್ನು ಇಂಗ್ಲಿಷಿನಲ್ಲೇ ಹಾಕಿಸುವುದಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ಕೇಳಿದೆ. "ಅದಲ್ಲ, ಅವರು ಹಾಗೇ ಬರೆದು ಕಳಿಸ್ತಾರೆ" ಅಂದ. ಗಾಜಿನ ಬಿಲ್ಲೆ ಸಿಗುತ್ತಿರುವಾಗ ಹೆಸರು ಕನ್ನಡದಲ್ಲಿರಲಿ ಎಂದು ಕೇಳಿ ಹಾಕಿಸಬೇಕು.

ಅಲ್ಲಿಂದ ಸಭಾಂಗಣ. ವೇದಿಕೆಯ ಹಿಂಬದಿಯಲ್ಲಿ ಸೇವಂತಿಗೆಯ ಪರದೆ. ಅದರ ಮೇಲೆ ಹೆಸರು ಬಿಟ್ಟಾಗ ಅಕ್ಷರಗಳು ಹೂಗಳ ಉಬ್ಬುತಗ್ಗಿನಲ್ಲಿ ಚೂರಾದವು. ಪಕ್ಕದ ಗೋಡೆಗೆ ತಿರುಗಿಸಿದರು. ಎಣ್ಣೆ ಬಣ್ಣದ ಹೊಳಪು ಗೋಡೆ, ನಡುವೆ ಕಣ್ಣು ಕುಕ್ಕುವ ಒಂದು ಬಿಳಿ ಮಚ್ಚೆ. ಕೊನೆಗೆ ಸುಣ್ಣ ಬಳಿದ ಹಳೆಯ ಗೋಡೆ ಸಿಕ್ಕಿತು. ಚಿತ್ರ ಅಲ್ಲಿ ಚೆನ್ನಾಗಿ ಕೂತಿತು. ಆದರೆ ದೀಪ ಓರೆಯಾಗಿದ್ದರಿಂದ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ದೀಪವನ್ನು ಎದುರಿಗೆ ತಂದು ಹಿಂದಕ್ಕೆ ಸರಿಸಿದರು. 4 ಮೀಟರ್ ದೂರದಲ್ಲಿದ್ದುದನ್ನು 8 ಮೀಟರಿಗೆ ಒಯ್ದರೆ ಚಿತ್ರ ಎರಡರಷ್ಟು ಅಗಲವಾಗುತ್ತದೆ, ಬೆಳಕು ಮಾತ್ರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. "ಹೋಯ್, ಆ ಟ್ಯೂಬ್‌ಲೈಟ್ ಆರಿಸಿ ಮಾರಾಯ್ರೆ!" ಹುಡುಗ ಕೂಗಿದ. ಆರಿಸಿದ ಕೂಡಲೇ ಹೆಸರು ಎದ್ದು ಬಂತು.

ಮೇಲೆ ನೋಡಿದೆ. ಛಾವಣಿಗೆ ಬಿಡುತ್ತಿದ್ದ ವಿನ್ಯಾಸ ಯಾವ ಊರಿಗಾದರೂ ಸಲ್ಲುವ ನಕ್ಷತ್ರ, ಸುರುಳಿ. ಸಾಗರದ ಪಕ್ಕದ ಕೆಳದಿಯಲ್ಲಿ ದೇವಸ್ಥಾನದ ಛಾವಣಿಗೆ ಗಂಡಭೇರುಂಡ ಕೆತ್ತಿದ್ದಾರೆ. ತಲೆಯೆತ್ತಿ ನೋಡುವ ಚಿತ್ರ ಹೇಗಿರಬೇಕೆಂದು ಈ ಸೀಮೆಯವರಿಗೆ ಬಹಳ ಹಿಂದೆಯೇ ತಿಳಿದಿತ್ತು.

ಊಟದ ಮನೆ ದಾಟಿ ಪಕ್ಕದ ಕೋಣೆಗೆ ಬಂದೆ. ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಗೋಡೆಗೆ ಒರಗಿಸಿದ ದೊಡ್ಡ ಹಲಗೆಯ ಮೇಲೆ ಕೆಮ್ಮಣ್ಣು ಬಳಿದು ಇಬ್ಬರು ಹೆಂಗಸರು ಹಸೆ ಚಿತ್ತಾರ ಬರೆಯುತ್ತಿದ್ದರು. ದೀವರ ಸಮುದಾಯದ ಮದುವೆಗಳಲ್ಲಿ ಗಂಡು ಹೆಣ್ಣು ಕೂರುವುದು ಇದರ ಮುಂದೆ. ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಅಳತೆಪಟ್ಟಿ ಇಲ್ಲದೆಯೇ ಗೆರೆಗೆ ಗೆರೆ ಸಮನಾಗಿ ಓಡುತ್ತಿತ್ತು. ಎಲ್ಲಿಂದ ಶುರುಮಾಡಿದ್ದರೋ ಹುಡುಕಿದೆ, ಗೊತ್ತಾಗಲಿಲ್ಲ.

ಹುಡುಗ ಒಂದು ದೀಪ ಹಿಡಿದು ಬಂದು ಹಸೆಯ ಮೇಲೂ ಬಣ್ಣದ ಬೆಳಕು ಬಿಡಲೇ ಎಂದು ಕೇಳಿದ. "ಬ್ಯಾಡ ತಮ್ಮಾ, ಕೆಂಪು ಕೆಡ್ತದೆ" ಅಂದರು ಹಿರಿಯಾಕೆ. ನಿಜ, ನೀಲಿ ಬೆಳಕು ಬಿದ್ದರೆ ಕೆಮ್ಮಣ್ಣು ಕಪ್ಪಿಡುತ್ತದೆ. ಆದರೆ ಆಕೆಗೆ ದೀಪದ ಬಗ್ಗೆ ಕುತೂಹಲವಿತ್ತು. ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

ಚಿತ್ತಾರವನ್ನು ಬಿಲ್ಲೆಗೆ ಇಳಿಸಬಹುದೇ? ತಗಡಿನಲ್ಲಿ ಗೆರೆಗಳನ್ನೇ ಕೊರೆದರೆ ನಡುವಿನ ಮನೆಗಳೆಲ್ಲ ಉದುರುತ್ತವೆ. ಗೆರೆ ಉಳಿಸಿ ಮನೆಗಳನ್ನು ಕೊರೆಯಬೇಕು, ಆಗ ಗೆರೆ ಕಪ್ಪು, ಮನೆ ಬೆಳಕು. ಬಿಳಿ ಗೆರೆಯೇ ಬೇಕೆಂದರೆ ಗಾಜು. ಹುಡುಗ ಈಗಾಗಲೇ ಒಂದು ಅಡಿಕೆ ಸಹಕಾರ ಸಂಘದ ವಾರ್ಷಿಕ ಸಭೆಗೆ ಲಾಂಛನ ಕೊರೆಸಿದ್ದಾನೆ. ಚಿತ್ತಾರವೂ ಆಗುತ್ತದೆ ಅಂದ. ಆಗಲಿ, ಆದರೆ ಮೂಲ ಗೆರೆಯನ್ನು ಇಂಥವರ ಕೈಯಿಂದಲೇ ಕಾಗದಕ್ಕೆ ಬರೆಸಿ, ಅದಕ್ಕೆ ಬೇರೆಯೇ ಸಂಭಾವನೆ ಕೊಟ್ಟು. ಆ ಬೆಳಕು ಹೆಬ್ಬಾಗಿಲಿಗೆ, ಛಾವಣಿಗೆ ಹೋಗಲಿ. ಬೆಳಕು ಸಿಗುತ್ತದೆಂದು ಹಸೆ ಬರೆಸುವುದನ್ನು ಯಾರೂ ಬಿಡದಿರಲಿ. ಇದನ್ನೇ ಹುಡುಗನಿಗೆ ಹೇಳಿದೆ. ಅವನು ಹಿರಿಯಾಕೆಯ ಪಕ್ಕ ಕೂತು, ಯಾವ ಗೆರೆ ಮೊದಲು ಬರೆಯುತ್ತೀರಿ ಎಂದು ಕೇಳತೊಡಗಿದ.