ದಾನಪತ್ರದಲ್ಲಿ ಬಿಟ್ಟುಹೋಗುವ ಸಾಲು

ಮಕ್ಕಳ ಹೆಸರಿಗೆ ಬರೆಯುವ ದಾನಪತ್ರಗಳ ಒಕ್ಕಣೆ ಬಹುಪಾಲು ಒಂದೇ: ‘ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ...’ ಅಪ್ಪ ಹೆಬ್ಬೆಟ್ಟು ಒತ್ತುತ್ತಾನೆ, ಖಾತೆ ಬದಲಾಗುತ್ತದೆ, ಪಹಣಿಯಲ್ಲಿ ಮಗನ ಹೆಸರು ಕೂರುತ್ತದೆ. ಮುಂದೆ ಅಪ್ಪನ ಅನ್ನ, ಔಷಧಿ ಯಾರ ಹೊಣೆ ಎಂಬುದು ಆ ಪತ್ರದಲ್ಲಿ ಎಷ್ಟೋ ಸಲ ಇರುವುದೇ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಒಂದು ಕಾಲಕ್ಕೆ ಇದನ್ನು ಬರೆಯುವ ಅಗತ್ಯವೂ ಇರಲಿಲ್ಲ. ಜಮೀನು ಪಡೆದ ಮಗ ಅದೇ ಹೊಲದಲ್ಲಿ ರಾಗಿ ಬಿತ್ತಿಕೊಂಡು, ರೇಷ್ಮೆ ಹುಳು ಸಾಕಿಕೊಂಡು ಅದೇ ಮನೆಯಲ್ಲಿರುತ್ತಿದ್ದ. 1990ರ ದಶಕದ ಕೊನೆಗೆ ಬಿಡದಿಗೆ ಟೊಯೊಟಾ ಬಂತು. ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಹೊಲ ಸೈಟಾಯಿತು, ಸೈಟು ದುಡ್ಡಾಯಿತು. ದುಡ್ಡಾದ ಜಮೀನು ಯಾರನ್ನೂ ಊರಲ್ಲಿ ಹಿಡಿದಿಡುವುದಿಲ್ಲ.

ಹೆತ್ತವರಿಗೆ ಜೀವನಾಂಶ ಕೊಡಬೇಕೆಂಬ ಕಾನೂನು ಹೊಸದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಅದಿತ್ತು, 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲೂ ಇತ್ತು. ಆದರೆ ಬರೆದುಕೊಟ್ಟ ಆಸ್ತಿ ವಾಪಸು ಬೇಕೆಂದರೆ ಸಿವಿಲ್ ಕೋರ್ಟೇ ಗತಿ. ಎಂಬತ್ತರ ಮುದುಕ ಎಷ್ಟು ವಾಯಿದೆಗೆ ಅಲೆದಾನು?

2007 ಈ ಸೀಮೆಗೆ ದೊಡ್ಡ ವರ್ಷ. ರಾಮನಗರ ಜಿಲ್ಲೆಯಾಯಿತು, ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಶುರುವಾಯಿತು. ಕೇಂದ್ರ ಸಚಿವೆ ಮೀರಾ ಕುಮಾರ್ ಅವರ ಇಲಾಖೆ ತಂದಿದ್ದ ತಂದೆ–ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮಸೂದೆಗೆ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಕರ್ನಾಟಕದ ನಿಯಮಗಳು 2009ರಲ್ಲಿ ಬಂದವು. ವಿಚಾರಣೆ ಉಪವಿಭಾಗಾಧಿಕಾರಿಯ ಮುಂದೆ, ಜನರ ಬಾಯಲ್ಲಿ ‘ಎಸಿ ಕೋರ್ಟ್’. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಅದಕ್ಕಿಂತ ದೊಡ್ಡ ಅಸ್ತ್ರ 23ನೇ ಕಲಮು: ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ಕೈಬಿಟ್ಟರೆ, ಆ ಪತ್ರವನ್ನೇ ಅಸಿಂಧು ಎಂದು ಘೋಷಿಸಬಹುದು.

ಎಲ್ಲ ನಿಂತಿರುವುದು ಆ ‘ಷರತ್ತಿನ’ ಮೇಲೆ. ಬರೀ ‘ಪ್ರೀತಿ ವಿಶ್ವಾಸ’ ಸಾಕೇ? ಷರತ್ತು ಇತ್ತೆಂದು ತೋರಿಸದೆ ಪತ್ರ ರದ್ದು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು 2025ರ ಜನವರಿ 2ರಂದು ಹೇಳಿದ್ದೂ ಅದೇ ಕೋರ್ಟು. ಆ ಪ್ರಕರಣದಲ್ಲಿ ತಾಯಿಗೆ ಆಸ್ತಿ ಮರಳಿತು. ನೋಡಿಕೊಳ್ಳುವ ಮಾತು ಅಲ್ಲಿ ಬರಹದಲ್ಲಿತ್ತು. ಹಾಗಾಗಿ ‘ದಾನಿಯ ಜೀವಿತ ಪರ್ಯಂತ ಅನ್ನ, ವಸತಿ, ಔಷಧೋಪಚಾರ ಒದಗಿಸತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು’ ಎಂಬ ಸಾಲನ್ನು ಸೇರಿಸಲು ಯಾವ ಹಿರಿಯರೂ ನಾಚಬೇಕಿಲ್ಲ. ಒಳ್ಳೆಯ ಮಗನಿಗೆ ಅದರಿಂದ ನಷ್ಟವಿಲ್ಲ. ಉಯಿಲು ಇನ್ನೂ ಸುರಕ್ಷಿತ: ಬದುಕಿರುವಷ್ಟು ದಿನ ಆಸ್ತಿ ತಮ್ಮದೇ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ.

ಮರೆವಿನ ಕಾಯಿಲೆ ಬಂದವರ ವಿಷಯದಲ್ಲಿ ಮಾತ್ರ ಕಾನೂನು ಇನ್ನೂ ಅರೆಬರೆ. ‘ಜಿಪಿಎ (ಅಧಿಕಾರ ಪತ್ರ) ಮಾಡಿಕೊಟ್ಟಿದ್ದೀನಲ್ಲ’ ಎನ್ನುವವರಿದ್ದಾರೆ. 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯಿತು. ಅಂದರೆ ಅತಿ ಅಗತ್ಯವಿದ್ದಾಗಲೇ ಅದು ಕೆಲಸಕ್ಕೆ ಬಾರದು. ಆಮೇಲೆ ಬ್ಯಾಂಕಿನ ದುಡ್ಡು ತೆಗೆಯಲೂ ಮನೆಯವರು ಪಾಲಕತ್ವದ ಆದೇಶಕ್ಕಾಗಿ ಕೋರ್ಟಿಗೆ ಹೋಗಬೇಕಾದೀತು. ಸಂಸತ್ತು ಇದನ್ನು ಬೇಗ ಸರಿಪಡಿಸಬೇಕು.

ಚಿಕಿತ್ಸೆಯ ವಿಷಯದಲ್ಲಿ ದಾರಿ ತೆರೆದಿದೆ. ಗುಣವಾಗದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಡ ಎಂದು ಮುಂಗಡವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನ ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರಾಯಿತು.

ದಾನಪತ್ರ, ಉಯಿಲು ನೋಂದಾಯಿಸಲು ಹಾಸಿಗೆ ಹಿಡಿದವರಿಗೂ ಅವಕಾಶವಿದೆ. ತಕ್ಕ ಕಾರಣ ತೋರಿಸಿ ಅರ್ಜಿ ಕೊಟ್ಟರೆ, 1908ರ ನೋಂದಣಿ ಕಾಯ್ದೆಯ 31ನೇ ಕಲಮಿನಡಿ ಉಪನೋಂದಣಾಧಿಕಾರಿ ಮನೆಗೇ ಬಂದು ಪತ್ರ ನೋಂದಾಯಿಸಬಹುದು.