ಒಂಬತ್ತು ವರ್ಷದ 'ಅತಿಥಿ'

ಎಚ್‌ಆರ್ ಅಂದ್ರೆ ನಮಗೆ ನೆನಪಾಗೋದು ಪ್ಲೇಸ್‌ಮೆಂಟ್‌ನ ಕೊನೆ ರೌಂಡ್ ಅಷ್ಟೇ. ಪಾಠ ಮಾಡುವವರಿಗೂ ಒಂದು ಎಚ್‌ಆರ್ ಇರಬೇಕು ಅಂತ ನಮಗೆ ಹೊಳೆದದ್ದು ಕಣಕುಂಬಿ ಬಸ್ಸಿನಲ್ಲಿ. ಹೋದ ಮಳೆಗಾಲದಲ್ಲಿ ಮಲಪ್ರಭೆ ಹುಟ್ಟೋ ಜಾಗ ನೋಡೋಕೆ ನಾವು ನಾಲ್ಕು ಜನ ಹೋಗಿದ್ವಿ. ತೊಯ್ದು ತೊಪ್ಪೆಯಾಗಿ ಬೆಳಗಾವಿಗೆ ವಾಪಸ್ ಬರುವಾಗ ಪಕ್ಕದ ಸೀಟಿನಲ್ಲಿದ್ದವರು ಸರ್ಕಾರಿ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ!

"ವರ್ಷಾ ವರ್ಷಾ ಹೊಸದಾಗಿ ಅರ್ಜಿ ಹಾಕಬೇಕ್ರಿ. ಸೂಟಿ ತಿಂಗಳಿಗೆ ಪಗಾರ ಇಲ್ಲ. ಆದ್ರೂ ಹುಡುಗ್ರ ಮುಖಾ ನೋಡಿದ್ರ ಬಿಡಾಕ ಮನಸ್ಸಾಗಂಗಿಲ್ಲ" ಅಂದರು.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದ್ವಿ. ಕೆಲಸದ ಜಾಗದ ಮೇಲಿನ ಬದ್ಧತೆಯನ್ನ ಮೇಯರ್ ಮತ್ತು ಆ್ಯಲೆನ್ ಎಂಬ ಸಂಶೋಧಕರು 1991ರಲ್ಲಿ ಮೂರು ಥರ ಮಾಡಿದ್ದಾರೆ: ಇಷ್ಟಪಟ್ಟು ಉಳಿಯೋದು, ಬಿಟ್ಟರೆ ನಷ್ಟ ಅಂತ ಉಳಿಯೋದು, ಉಳಿಯೋದು ನನ್ನ ಕರ್ತವ್ಯ ಅಂತ ಉಳಿಯೋದು. ಹಾಜರಿ ಪುಸ್ತಕದಲ್ಲಿ ಮೂರೂ ಒಂದೇ ಸಹಿ. ಮೇಡಂ ಅವರ ಪ್ರೀತಿ ಇರೋದು ಹುಡುಗರ ಮೇಲೆ. ಕಾಲೇಜಿನ ಜೊತೆ ಇರೋದು ಎರಡನೇ ಥರದ್ದು ಅಂತ ನಮಗನಿಸಿತು, ಯಾಕಂದ್ರೆ "ಈ ವಯಸ್ಸಿನಾಗ ಮತ್ತೆಲ್ಲಿ ಹೋಗೋದು" ಅಂತಲೂ ಅವರೇ ಅಂದಿದ್ದರು.

ಸಂಬಳ ಏರಿಸಿದ್ರೆ ಇದು ಸರಿಹೋಗುತ್ತಾ? ರಾಜ್ಯದಲ್ಲಿ ದೊಡ್ಡ ಹೋರಾಟ ನಡೆದ ಮೇಲೆ 2022ರ ಜನವರಿಯಲ್ಲಿ ಸರ್ಕಾರ 11,000–13,000 ರೂಪಾಯಿ ಇದ್ದ ಗೌರವಧನವನ್ನ 26,000ದಿಂದ 32,000ಕ್ಕೆ ಏರಿಸಿತು. ಜೊತೆಗೆ ವಾರಕ್ಕೆ 8–10 ಗಂಟೆ ಇದ್ದ ಪಾಠ 15 ಗಂಟೆ ಆಯ್ತು. ನಾವು ಎಂಜಿನಿಯರಿಂಗ್‌ನವರು, ಲೆಕ್ಕ ಹಾಕೋಣ: ಒಂದು ವಿಭಾಗದಲ್ಲಿ 30 ಗಂಟೆ ಪಾಠ ಇದ್ರೆ ಮೊದಲು ಮೂವರು ಬೇಕಿತ್ತು, ಈಗ ಇಬ್ಬರು ಸಾಕು. ಹಾಗಾದ್ರೆ ಮೂರನೆಯವರು? ಉಳಿದ ಇಬ್ಬರಿಗಾದರೂ ಖುಷಿಯ ಜೊತೆ ಹೆದರಿಕೆಯೂ ಬಂದಿರುತ್ತೆ. ಮತ್ತೆ ಹೋರಾಟ ಆದ ಮೇಲೆ, ಅನುಭವ ನೋಡಿ 5,000ದಿಂದ 8,000 ಹೆಚ್ಚಳ, ಆರೋಗ್ಯ ವಿಮೆ, 60 ತುಂಬಿದಾಗ 5 ಲಕ್ಷ ಇಡಿಗಂಟು ಅಂತ ಸರ್ಕಾರ ಘೋಷಿಸಿತು. ನಮಗೆ ಇಡಿಗಂಟೇ ಮುಖ್ಯ ಅನಿಸುತ್ತೆ. ನೀವು 60ರವರೆಗೂ ಇಲ್ಲೇ ಇರ್ತೀರಿ ಅಂತ ಒಪ್ಪಿಕೊಂಡ ಹಾಗೆ ಅದು.

ಕಾಯಂ ಮಾಡೋದು ಮಾತ್ರ ಸುಲಭ ಇಲ್ಲ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ಬಹಳ ವರ್ಷ ದುಡಿದ ಮಾತ್ರಕ್ಕೆ ಕಾಯಂ ಆಗೋ ಹಕ್ಕು ಬರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆದರೆ ರಜೆಗೆ ಮೊದಲೇ ಮುಂದಿನ ವರ್ಷ ಇದ್ದೀರೋ ಇಲ್ಲವೋ ಹೇಳೋಕೆ, ಸಿಲಬಸ್ ಮೀಟಿಂಗಿಗೆ ಕರೆಯೋಕೆ, ಸ್ಟಾಫ್ ರೂಮಿನಲ್ಲಿ ಸ್ವಂತದ್ದೊಂದು ಟೇಬಲ್ ಕೊಡೋಕೆ ಯಾವ ಕೋರ್ಟೂ ಬೇಡ ಅಂದಿಲ್ಲ.

ಮೇಡಂ ಬ್ಯಾಗಿನಲ್ಲಿ ಟೆಸ್ಟ್ ಪೇಪರ್ ಕಟ್ಟು ಇತ್ತು, ಒದ್ದೆಯಾಗದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದರು. ಇಳಿಯುವಾಗ "ಚಲೋ ಓದ್ರಿ" ಅಂದರು. ಈ ವರ್ಷದ ಪಟ್ಟಿಯಲ್ಲಿ ಅವರ ಹೆಸರು ಬಂತಾ ಅಂತ ಕೇಳೋಣ ಅಂದ್ರೆ, ಫೋನ್ ನಂಬರ್ ತಗೊಳ್ಳೋದನ್ನೇ ಮರೆತಿದ್ವಿ.