ತಿದಿ ಕಟ್ಟಿಕೊಂಡ ಬೆಂಟ್ಲಿ

ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳ ಕಡೆಯ ಹಳ್ಳಿಗಳಲ್ಲಿ ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವರಿಗೆ ತಿದಿಯ ಮಹಿಮೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಇದ್ದಿಲು ಅದೇ, ಕಬ್ಬಿಣವೂ ಅದೇ. ತಿದಿಯನ್ನು ಒತ್ತಿದೊಡನೆ ಮಂಕಾಗಿದ್ದ ಕೆಂಡ ಕಣ್ಣು ಕುಕ್ಕುವ ಬೆಂಕಿಯಾಗುತ್ತದೆ. ಬೆಂಕಿಗೆ ಸೌದೆಯಷ್ಟೇ ಉಸಿರೂ ಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ ಇಳಿದು ದುಡಿದವರು ಇದನ್ನು ಇನ್ನೊಂದು ರೀತಿಯಲ್ಲಿ ಬಲ್ಲವರು. 2001ರಲ್ಲಿ ಮುಚ್ಚಿಹೋದ ಆ ಗಣಿಗಳ ಪೈಕಿ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಯಂತ್ರಬಲದಿಂದ ಗಾಳಿಯಾಡಿಸದೆ ಅಲ್ಲಿ ಮನುಷ್ಯ ಕ್ಷಣಕಾಲ ನಿಲ್ಲುವುದೂ ದುಸ್ತರವಾಗಿತ್ತು.

ಮೋಟಾರಿನ ಎಂಜಿನೂ ಉಸಿರಾಡುವ ವಸ್ತುವೇ. ಪಿಸ್ಟನ್ನು ಕೆಳಗಿಳಿಯುವಾಗ ಹೊರಗಿನ ಗಾಳಿಯನ್ನೂ ಪೆಟ್ರೋಲಿನ ಹನಿಗಳನ್ನೂ ಒಳಗೆ ಸೆಳೆದುಕೊಳ್ಳುತ್ತದೆ. ಅದು ತಾನಾಗಿ ಸೆಳೆಯಬಲ್ಲ ಗಾಳಿಗೆ ಒಂದು ಮಿತಿಯುಂಟು. ಆ ಮಿತಿಯನ್ನು ಮೀರಿ ಗಾಳಿಯನ್ನು ಬಲವಂತವಾಗಿ ಒಳಕ್ಕೆ ತುರುಕಿದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಶಕ್ತಿ ಏರುತ್ತದೆ. ಹೀಗೆ ತುರುಕುವ ತಿದಿಗೆ ಸೂಪರ್‌ಚಾರ್ಜರ್ ಎಂದು ಹೆಸರು. ಅದರ ಒಂದು ಪ್ರಸಿದ್ಧ ಮಾದರಿಯನ್ನು ರೂಪಿಸಿದವರು ಅಮೆರಿಕದ ಇಂಡಿಯಾನಾದ ರೂಟ್ಸ್ ಸೋದರರು, 1860ರ ಸುಮಾರಿನಲ್ಲಿ. ಆಗಿನ್ನೂ ಮೋಟಾರು ಕಾರೇ ಹುಟ್ಟಿರಲಿಲ್ಲ. ಅವರ ಯಂತ್ರಕ್ಕೆ ಮೊದಲು ಕೆಲಸ ದೊರೆತದ್ದು ಕಬ್ಬಿಣ ಕರಗಿಸುವ ಕುಲುಮೆಗಳಲ್ಲಿ. ನಮ್ಮ ಕಮ್ಮಾರನ ತಿದಿಗೂ ನಾನು ಹೇಳಹೊರಟಿರುವ ಕಾರಿಗೂ ಇರುವ ನಂಟು ಬರಿಯ ಉಪಮೆಯಲ್ಲ, ವಂಶಾವಳಿಯದೇ ಎನ್ನಬೇಕು.

ಆ ಕಾರು ಇಂಗ್ಲೆಂಡಿನದು. ಬ್ಲೋವರ್ ಬೆಂಟ್ಲಿ ಎಂಬ ಪಂಗಡದ ಮೊದಲನೆಯದು. ಅದನ್ನು ಕಟ್ಟಿಸಿದಾತ ಟಿಮ್ ಬರ್ಕಿನ್. ನಾಟಿಂಗ್‌ಹ್ಯಾಮಿನ ಕಸೂತಿ ಲೇಸಿನ ವ್ಯಾಪಾರದಿಂದ ಸಿರಿವಂತವಾಗಿದ್ದ ಮನೆತನದ ಈ ತರುಣ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದು, ಬಳಿಕ ಪಂದ್ಯದ ಹುಚ್ಚಿಗೆ ಬಿದ್ದವನು. ನಾಲ್ಕೂವರೆ ಲೀಟರಿನ ಬೆಂಟ್ಲಿ ಎಂಜಿನು ಸುಮಾರು 110 ಅಶ್ವಶಕ್ತಿ ಕೊಡುತ್ತಿತ್ತು. ಬರ್ಕಿನ್ನನಿಗೆ ಅದು ಸಾಲದಾಯಿತು. ಆಮ್‌ಹರ್ಸ್ಟ್ ವಿಲಿಯರ್ಸ್ ಎಂಬ ಎಂಜಿನಿಯರನಿಂದ ರೂಟ್ಸ್ ಮಾದರಿಯ ತಿದಿಯೊಂದನ್ನು ಮಾಡಿಸಿ ಕಾರಿನ ಮೂಗಿನ ಮೇಲೆ, ರೇಡಿಯೇಟರಿನ ಮುಂದೆ ಕೂರಿಸಿದ. ಶಕ್ತಿ 175ಕ್ಕೆ ಏರಿತು. ಪಂದ್ಯದ ಕಾರುಗಳಲ್ಲಿ 240ನ್ನು ಮುಟ್ಟಿತು.

ಕಾರಿಗೆ ತನ್ನ ಹೆಸರು ಕೊಟ್ಟ ವಾಲ್ಟರ್ ಓವೆನ್ ಬೆಂಟ್ಲಿಗೆ ಇದು ಕಿಂಚಿತ್ತೂ ಸೇರಲಿಲ್ಲ. ಶಕ್ತಿ ಬೇಕಾದರೆ ಎಂಜಿನನ್ನು ದೊಡ್ಡದು ಮಾಡಿ, ಅದರ ಬಾಯಿಗೆ ಗಾಳಿ ತುರುಕಬೇಡಿ ಎಂಬುದು ಆತನ ನಿಲುವು. ಆದರೆ ಹಣದ ಕೀಲಿಕೈ ಆತನ ಬಳಿ ಇರಲಿಲ್ಲ. ಕಂಪನಿಯ ಅಧ್ಯಕ್ಷ ವುಲ್ಫ್ ಬಾರ್ನಾಟೊ. ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳಿಂದ ಐಶ್ವರ್ಯ ಗಳಿಸಿದವನ ಮಗ. ಆತ ಒಪ್ಪಿದ. ಲ ಮಾನ್ಸ್ ಪಂದ್ಯದ ನಿಯಮಕ್ಕಾಗಿ ಅಂಥ 50 ಕಾರುಗಳನ್ನು ಮಾರಾಟಕ್ಕೆ ತಯಾರಿಸಲಾಯಿತು. (ಕೋಲಾರದ ಚಿನ್ನದ ಲಾಭಾಂಶವೂ ಆ ದಿನಗಳಲ್ಲಿ ಲಂಡನ್ನಿನ ಷೇರುದಾರರಿಗೇ ಸಲ್ಲುತ್ತಿತ್ತು. ನೆಲದಾಳದ ಬೆವರು ಎಲ್ಲೆಲ್ಲಿ ಏನೇನಾಗಿ ಅರಳುತ್ತದೆಂದು ಯಾರು ಲೆಕ್ಕವಿಟ್ಟಾರು!) ಬರ್ಕಿನ್ನನ ಸ್ವಂತ ಹಣ ಕರಗಿದಾಗ ಕೈಹಿಡಿದವಳು ಡಾರತಿ ಪ್ಯಾಜೆಟ್ ಎಂಬ ಶ್ರೀಮಂತ ಯುವತಿ. ಮುಂದೆ ಕುದುರೆಗಳ ಒಡತಿಯಾಗಿ ಆಕೆಗೆ ಇನ್ನೂ ದೊಡ್ಡ ಹೆಸರು ಬಂತು. ಆಕೆಯ ಗೋಲ್ಡನ್ ಮಿಲ್ಲರ್ 1934ರಲ್ಲಿ ಗ್ರಾಂಡ್ ನ್ಯಾಷನಲ್ ಪಂದ್ಯವನ್ನು ಗೆದ್ದಿತು.

ಮೊದಲನೆಯ ಬ್ಲೋವರ್ 1929ರಲ್ಲಿ ಬ್ರೂಕ್‌ಲೆಂಡ್ಸ್ ಪಂದ್ಯದಂಗಳಕ್ಕೆ ಇಳಿದಾಗ ಅದಕ್ಕೆ ಎರಡು ಆಸನಗಳಿದ್ದವು. ಅದೇ ವರ್ಷದ 500 ಮೈಲಿ ಪಂದ್ಯದಲ್ಲಿ ಅದರ ಬಟ್ಟೆಯ ಮೈಗೆ ಬೆಂಕಿ ಹತ್ತಿತು. ಆಮೇಲೆ ಅದಕ್ಕೆ ತೊಡಿಸಿದ್ದು ರೀಡ್ ರೈಲ್ಟನ್ ರೂಪಿಸಿದ, ಒಬ್ಬನೇ ಕೂರಬಹುದಾದ ನೀಳವಾದ ಮೈ. 1932ರ ಮಾರ್ಚ್ 24ರಂದು ಬರ್ಕಿನ್ ಅದರಲ್ಲಿ ಕುಳಿತು ಬ್ರೂಕ್‌ಲೆಂಡ್ಸಿನ ಹೊರಸುತ್ತನ್ನು ಗಂಟೆಗೆ 137.96 ಮೈಲಿಯ ವೇಗದಲ್ಲಿ ಸುತ್ತಿದ. ಉಬ್ಬುತಗ್ಗುಗಳಿಂದ ಕೂಡಿದ ಕಾಂಕ್ರೀಟಿನ ಹಾದಿ, ಓರೆಯಾಗಿ ಎದ್ದುನಿಂತ ತಿರುವುಗಳು, ನೆಲ ಬಿಟ್ಟು ಹಾರುವ ಗಾಲಿಗಳು. ಆತನನ್ನು ಹಿಡಿದಿಟ್ಟದ್ದು ಎರಡು ಕೈಗಳ ಬಲವಲ್ಲದೆ ಮತ್ತೇನೂ ಅಲ್ಲ. ಮರುವರ್ಷವೇ ಆತ ತೀರಿಕೊಂಡ. ಟ್ರಿಪೋಲಿಯ ಪಂದ್ಯದಲ್ಲಿ ತೋಳಿಗಾದ ಸುಟ್ಟಗಾಯ ನಂಜಾಯಿತೆಂದು ಕೆಲವರು, ಯುದ್ಧಕಾಲದ ಮಲೇರಿಯ ಮರುಕಳಿಸಿತೆಂದು ಕೆಲವರು ಹೇಳುತ್ತಾರೆ. ಆಗ ಆತನಿಗೆ 36 ವರ್ಷ.

ಇನ್ನು ಕಾರಿನ ಅನಾಥಕಾಲ. ಪ್ಯಾಜೆಟ್ ಅದನ್ನು ಓಡಿಸದೆ, ಮಾರದೆ ಇಟ್ಟುಕೊಂಡಿದ್ದಳು. 1939ರಲ್ಲಿ ಅದು ಪೀಟರ್ ರಾಬರ್ಟ್‌ಸನ್ ರಾಜರ್ ಎಂಬಾತನ ಕೈಸೇರಿತು. ಬ್ರೂಕ್‌ಲೆಂಡ್ಸಿನ ಪಂದ್ಯಗಳು ಅದೇ ವರ್ಷ ನಿಂತವು. ಒಂಟಿ ಆಸನದ ಕಾರಿಗೆ ಓಡಲು ಅಂಗಳವೇ ಇಲ್ಲದಂತಾಯಿತು. ಆತ ಅದಕ್ಕೆ ಎರಡು ಆಸನದ, ಹೆದ್ದಾರಿಯಲ್ಲಿ ಓಡಬಲ್ಲ ಮೈಯನ್ನು ಕಟ್ಟಿಸಿದ. ಆತನ ತರುವಾಯ ಬಂದ ರಸ್ಟಿ ರಸ್ ಟರ್ನರ್ ಹಳೆಯ ಕಾರುಗಳ ಪಂದ್ಯಗಳಲ್ಲಿ ಅದನ್ನು ಓಡಿಸಿದ. ಕೊನೆಗೆ ಅದು ಬಂದು ನಿಂತದ್ದು ಜಾರ್ಜ್ ಡೇನಿಯಲ್ಸ್ ಎಂಬ ಗಡಿಯಾರ ತಯಾರಕನ ಮನೆಯಲ್ಲಿ.

ಈತನ ವಿಷಯದಲ್ಲಿ ಎರಡು ಮಾತು ಹೆಚ್ಚು ಹೇಳಬೇಕು. ಬಡತನದಲ್ಲಿ ಬೆಳೆದು, ಗಡಿಯಾರ ರಿಪೇರಿಯಿಂದ ಹೊಟ್ಟೆ ಹೊರೆದು, ಕಡೆಗೆ ಗಡಿಯಾರದ ಬಿಡಿಭಾಗಗಳನ್ನೆಲ್ಲ ತನ್ನ ಕೈಯಿಂದಲೇ ತಯಾರಿಸುವ ಮಟ್ಟಕ್ಕೆ ಏರಿದ ಕುಶಲಿ ಆತ. ಆತ ಕಂಡುಹಿಡಿದ ಕೋ-ಆಕ್ಸಿಯಲ್ ಎಂಬ ಚಲನೆಯ ಏರ್ಪಾಡನ್ನು 1999ರಲ್ಲಿ ಒಮೆಗಾ ಕಂಪನಿ ತನ್ನ ಗಡಿಯಾರಗಳಿಗೆ ಅಳವಡಿಸಿಕೊಂಡಿತು. ಬ್ರೆಗೆಯ ಕಾಲದ ಪುರಾತನ ಗಡಿಯಾರಗಳ ಜೀರ್ಣೋದ್ಧಾರದಲ್ಲಿ ಆತನನ್ನು ಮೀರಿಸಿದವರು ವಿರಳ. ಎರಡು ಟನ್ನಿಗೆ ಸಮೀಪದ ಈ ಲೋಹದ ಗೂಳಿಗೂ ಅಂಗೈಯಗಲದ ಗಡಿಯಾರಕ್ಕೂ ಏನು ಸಂಬಂಧವೆಂದು ಕೇಳಬಹುದು. ರೂಟ್ಸ್ ತಿದಿಯ ಒಡಲಲ್ಲಿ ಎರಡು ರೋಟರುಗಳು ಒಂದನ್ನೊಂದು ಅಪ್ಪುವಂತೆ ತಿರುಗುತ್ತವೆ, ಆದರೆ ಎಂದೂ ಮುಟ್ಟುವುದಿಲ್ಲ. ನಡುವಣ ಸಂದು ಕೂದಲೆಳೆಯ ಲೆಕ್ಕದ್ದು. ಹೆಚ್ಚಾದರೆ ಗಾಳಿ ಸೋರುತ್ತದೆ. ಕಡಮೆಯಾದರೆ, ಕಾವಿಗೆ ಲೋಹ ಹಿಗ್ಗಿ ತಿದಿಯೇ ಕಚ್ಚಿಕೊಂಡು ನಾಶವಾಗುತ್ತದೆ. ಗಡಿಯಾರದವನಿಗೆ ಇದು ತವರುಮನೆಯ ಭಾಷೆ.

ಡೇನಿಯಲ್ಸನು ಕಾರನ್ನು ಬರ್ಕಿನ್ನನ ದಾಖಲೆಯ ಕಾಲದ ರೂಪಕ್ಕೆ, ಕೆಂಬಣ್ಣದ ಒಂಟಿ ಆಸನದ ರೂಪಕ್ಕೆ ಮರಳಿಸಿದ. ಎಲ್ಲರೂ ಕೊಂಡಾಡಿದರು. ನಾನೂ ಕೊಂಡಾಡುತ್ತೇನೆ, ಆದರೆ ಒಂದು ಅನುಮಾನ ಬಿಡದು. ಒಂಟಿ ಆಸನವೇನು ಅದರ ಹುಟ್ಟುರೂಪವಾಗಿತ್ತೇ? ಅದೂ ಬೆಂಕಿಯ ಅನಂತರ ತೊಡಿಸಿದ್ದಲ್ಲವೇ? ರಾಬರ್ಟ್‌ಸನ್ ರಾಜರನ ಮೈಯಾದರೋ ಪಂದ್ಯದ ದಿನಗಳಿಗಿಂತ ಎಷ್ಟೋ ಹೆಚ್ಚು ಕಾಲ ಆ ಎಲುಬಿನ ಮೇಲೆ ಇತ್ತು. ಜೀರ್ಣೋದ್ಧಾರವೆಂಬ ಮಾತನ್ನು ನಾವು ಸಾಮಾನ್ಯವಾಗಿ ಗುಡಿಗಳಿಗೆ ಬಳಸುವವರು. ಚೋಳರ ಶಾಸನಗಳುಳ್ಳ ಕೋಲಾರಮ್ಮನ ಗುಡಿಗೆ ಹೋಗಿ, ಚೋಳರ ಕಾಲದ ಕಲ್ಲೊಂದೇ ನಿಜ, ಆಮೇಲಿನದೆಲ್ಲ ಕಳಚಿಹಾಕಿ ಎಂದು ಯಾರಾದರೂ ಹೇಳಿದರೆ ಪೇಟೆಯ ಜನ ಸುಮ್ಮನಿದ್ದಾರೆಯೇ? ಕಾರಿಗೆ ಅಂಥ ಭಕ್ತರಿಲ್ಲ. ಅದರ ಪರವಾಗಿ ಮಾತನಾಡುವವನು ಆಯಾ ಕಾಲದ ಒಡೆಯನೊಬ್ಬನೇ. ಡೇನಿಯಲ್ಸನ ಪರವಾಗಿ ಇಷ್ಟು ಹೇಳಬಹುದು: ಆ ಯಂತ್ರ ತನ್ನ ಪೂರ್ಣಶಕ್ತಿಯಿಂದ ಉಸಿರಾಡಿದ ಗಳಿಗೆ ಯಾವುದೆಂದು ಆತ ಹುಡುಕಿದ, ಅದು 1932 ಎಂದು ತೀರ್ಮಾನಿಸಿದ. ಹಳೆಯ ಗಡಿಯಾರದ ಹೊಟ್ಟೆಯಲ್ಲಿ ಪರರ ಕೈ ಸೇರಿಸಿದ್ದನ್ನು ತೆಗೆದು ಮೂಲ ಕುಶಲಿಯ ಆಶಯವನ್ನು ಕಾಣಿಸುವುದೇ ಆತನ ಜೀವಮಾನದ ಅಭ್ಯಾಸ. ಕಾರಿಗೂ ಅದೇ ನ್ಯಾಯ ದೊರೆಯಿತು. ಅದಕ್ಕೆ ತೆತ್ತ ಬೆಲೆ ರಾಬರ್ಟ್‌ಸನ್ ರಾಜರನ ಅಧ್ಯಾಯ.

2019ರಲ್ಲಿ ಬೆಂಟ್ಲಿ ಕಂಪನಿಯವರು ಮತ್ತೊಂದು ದಾರಿ ತೋರಿಸಿದರು. ತಮ್ಮ ಬಳಿ ಇರುವ ಬರ್ಕಿನ್ ತಂಡದ ಎರಡನೆಯ ಕಾರಿನ ಭಾಗಭಾಗವನ್ನೂ ಅಳೆದು, ಅದರಂತೆಯೇ 12 ಹೊಸ ಕಾರುಗಳನ್ನು ಕಟ್ಟಿ ಮಾರುವುದಾಗಿ ಸಾರಿದರು. ರಿವೆಟ್ಟಿಗೆ ರಿವೆಟ್ಟು ಹೊಂದುವ ಕೆಲಸವೆಂದು ಕೇಳಿದ್ದೇನೆ. ಆದರೆ ಅವುಗಳಲ್ಲಿ ಯಾವೊಂದಕ್ಕೂ ಹಿಂದಿನ ಒಡೆಯನಿಲ್ಲ.

ಡೇನಿಯಲ್ಸ್ 2011ರ ಅಕ್ಟೋಬರಿನಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ತೀರಿಕೊಂಡ. ಮರುವರ್ಷ ಜೂನಿನಲ್ಲಿ ಗುಡ್‌ವುಡ್ಡಿನ ಹರಾಜಿನಲ್ಲಿ ಕಾರು 50 ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಯಿತು. ಆ ಹಣ ಸೇರಿದ್ದು ಆತನ ಹೆಸರಿನ ಶಿಕ್ಷಣ ನಿಧಿಗೆ, ಗಡಿಯಾರ ವಿದ್ಯೆ ಕಲಿಯುವ ಹುಡುಗ ಹುಡುಗಿಯರ ನೆರವಿಗೆ.